ಕೂರಿಗಿ ಬಟ್ಟಲದ ನಾಕನೇ ತೂತು

ಕಂಪನಿಯವರ ಪತ್ರ ಇಂಗ್ಲಿಷಿನಾಗ ಬಂದಿತ್ತು. ನಮ್ಮ ಓಣ್ಯಾಗ ಇಂಗ್ಲಿಷ್ ಓದಾವ್ರು ಅಂದ್ರ ಕಾಲೇಜಿನಾಗ ಕಾರಕೂನ ಆಗಿದ್ದ ಒಬ್ಬರ. ಅವರ ಮನಿ ಕಟ್ಟಿ ಮ್ಯಾಲ ಹೋಗಿ ಕುಂತು ಓದಿಸಿದ್ನಿ. ಅವರು ಎರಡು ಸಲ ಮನಸಿನಾಗ ಓದಿಕೊಂಡು, ಚಾಳೀಸು ತಗದು ಒರಸಿಕೋತ, "ನೀ ಕೇಳಿದ ಬೈರಿಗಿ ಮಾಡೂದು ಬಂದ್ ಮಾಡ್ಯಾರಂತೋ. ಬೇಡಿಕಿ ಇಲ್ಲಂತ. ಬೇಕಾದ್ರ ಕರೆಂಟಿನ ಡ್ರಿಲ್ ಮಶೀನು ತಗೋ ಅಂತ ಚಿತ್ರದ ಹಾಳಿ ಇಟ್ಟು ಕಳಿಸ್ಯಾರ ನೋಡು" ಅಂದ್ರು.

ಬೇಡಿಕಿ ಇಲ್ಲಂತ! ನಮ್ಮನ್ನ ಯಾಂವ ಬಂದು ಕೇಳಿದ್ದ? ಬೈಲಹೊಂಗಲಕ್ಕ ಬಂದಿದ್ದನ, ಸವದತ್ತಿಗೆ ಬಂದಿದ್ದನ? ಒಬ್ಬ ಬಡಿಗ್ಯಾ ತನ್ನ ಜೀವಮಾನದಾಗ ಆ ಬೈರಿಗಿ ಎರಡು ತಗೊಂಡ್ರ ಹೆಚ್ಚು, ಯಾಕಂದ್ರ ಅದು ಅಷ್ಟು ಗಟ್ಟಿ ಇತ್ತು. ಹಾಳಾಗದಂಥಾ ಸಾಮಾನು ತಾವ ಮಾಡಿ, ಆಮ್ಯಾಲ ಯಾರೂ ತಗೊಳ್ಳವಲ್ಲರು ಅಂತ ತಾವ ನಿಲ್ಲಿಸಿದ್ರ ಇದಕ್ಕೇನ ಅನಬೇಕು? ಬಾಯಿಗೆ ಬಂದದ್ದೆಲ್ಲಾ ಬೈದ್ನಿ. ಪಾಪ, ಕಾರಕೂನರು "ನನಗ್ಯಾಕ ಬೈತಿಯೋ ಮಾರಾಯಾ, ನಾ ಏನ ಮಾಡಿದ್ನಿ" ಅಂತ ಪತ್ರ ನನ್ನ ಕೈಯಾಗ ಇಟ್ಟು ಒಳಗ ಹೋದ್ರು.

ಇದು ತೊಂಬತ್ತರ ದಶಕದ ನಡುವಿನ ಮಾತು. ಬೈರಿಗಿ ಅಂದ್ರ ಕಟಿಗಿಗೆ ತೂತು ಕೊರಿಯೋ ಸಾಮಾನು. ಮ್ಯಾಲ ಅಡ್ಡ ಹಿಡಿಕಿ, ಕೆಳಗ ಮೊಳದುದ್ದ ಉಕ್ಕಿನ ಸರಳು, ತುದಿಗೆ ಬಾಯಿ. ಈಗ ಅಂಗಡ್ಯಾಗ ಸಿಗೂ ಬೈರಿಗಿ ತುದಿಗೆ ಸ್ಕ್ರೂ ಇರತೈತಿ, ಅದು ತಾನ ಕಟಿಗಿಯೊಳಗ ಎಳಕೊಂಡು ಹೋಗತೈತಿ. ನಮ್ಮದಕ್ಕ ಸ್ಕ್ರೂ ಇದ್ದಿಲ್ಲ, ಬಾಯಿ ಚಮಚದಂಗ ತೋಡಿದ್ದಿತ್ತು. ಎದಿ ಕೊಟ್ಟು ಒತ್ತಿ ತಿರುವಬೇಕು, ಬೆವರು ಇಳೀತಿತ್ತು. ಆದ್ರ ಜಾಲಿ ಕಟಿಗಿ ಅಂದ್ರ ಕಲ್ಲು ಇದ್ದಂಗ, ಅದರಾಗ ಸ್ಕ್ರೂ ಬೈರಿಗಿ ಹಾಕಿದ್ರ ಟಪ್ ಅಂತ ಸೀಳತೈತಿ. ಚಮಚ ಬೈರಿಗಿ ಸೀಳತಿದ್ದಿಲ್ಲ. ಎಷ್ಟು ಓರೆ ಬೇಕೋ ಅಷ್ಟು ಓರೆಯಾಗಿ, ಬೆಣ್ಣಿಯೊಳಗ ಬೆರಳು ಇಟ್ಟಂಗ ಹೋಗತಿತ್ತು.

ಮತ್ತ ನಮಗ ಬೇಕಾದದ್ದ ಓರೆ ತೂತು. ನಮ್ಮ ಅಣ್ಣ ಕೂರಿಗಿ ಮಾಡಾಂವ. ಎತ್ತಿನ ಹಿಂದ ಕಟ್ಟಿ ಬೀಜ ಬಿತ್ತೋ ಕೂರಿಗಿ. ನಡುವ ಒಂದು ಜಾಲಿ ಕಟಿಗಿ ಬಟ್ಟಲ, ಬಟ್ಟಲದ ತಳದಾಗ ನಾಕು ತೂತು, ಒಂದೊಂದು ತೂತಿಗೆ ಒಂದೊಂದು ಬಿದಿರಿನ ಕೊಳವಿ. ಬಿತ್ತೋ ಹೆಣಮಗಳು ಉಡಿಯಾಗಿನ ಬೀಜ ಮುಷ್ಟಿಲೆ ಬಟ್ಟಲಕ್ಕ ಬಿಡತಾಳ, ಬೀಜ ನಾಕು ಕೊಳವಿಗೆ ಹಂಚಿಕೊಂಡು ನಾಕು ಸಾಲಿಗೆ ಬೀಳತಾವ. ನಾಕೂ ತೂತು ಒಂದ ಸಮ ಇರಬೇಕು. ಅದರಾಗ ಕೂದಲೆಳೆ ಫರಕು ಆದ್ರೂ ಒಂದು ಸಾಲು ದಟ್ಟ, ಒಂದು ಸಾಲು ತೆಳ್ಳಗ. ರೈತರು ಎಂಟು ದಿವಸಕ್ಕ ಕಂಡು ಹಿಡೀತಾರ, ವರ್ಷ ಪೂರ್ತಿ ಆಡಿಕೋತಾರ.

ಅಣ್ಣನ ಕೂರಿಗಿಗೆ ಆ ಮಾತು ಒಮ್ಮೆನೂ ಬಂದಿದ್ದಿಲ್ಲ. ಚಚಡಿ, ರಾಮದುರ್ಗದ ಕಡಿ ಸಾಲಹಳ್ಳಿ, ಇತ್ಲಾಗ ಕಿತ್ತೂರ ಸುತ್ತಿನ ಹಳ್ಳಿ, ಎಲ್ಲಾ ಕಡಿಯಿಂದ ಚಕ್ಕಡಿ ಕಟಗೊಂಡು ಬೈಲಹೊಂಗಲದ ನಮ್ಮ ಮನಿಗೆ ಬರತಿದ್ರು. ಅವರ ಊರಾಗ ಬಡಿಗ್ಯಾರು ಇದ್ದಿಲ್ಲಂತಲ್ಲ, ಇದ್ರು. ಆದ್ರೂ ಬರತಿದ್ರು. ಅಣ್ಣ ಮಾತು ಕಮ್ಮಿ, ನಗಿ ಇನ್ನೂ ಕಮ್ಮಿ. ಆದ್ರ ಯಾರರೆ "ನಿಮ್ಮ ಕೂರಿಗಿಲೆ ಬಿತ್ತಿದ್ದು ನೋಡ್ರಿ, ದಾರ ಹಿಡದಂಗ ನಾಟ್ಯಾವ" ಅಂದ್ರ ಅವತ್ತ ಒಂದು ರೊಟ್ಟಿ ಹೆಚ್ಚ ತಿಂತಿದ್ದ. ವೈನಿ, ಅಂದ್ರ ಅಣ್ಣನ ಹೇಂತಿ, ಅದನ್ನ ನೋಡೇ ಇವತ್ತ ಯಾರೋ ಹೊಗಳ್ಯಾರ ಅಂತ ತಿಳಕೋತಿದ್ರು. ಅಂವಗ ಇದ್ದ ಆಸ್ತಿ ಅದೊಂದ, ಆ ಹೆಸರು.

ಅಂವಾ ಅಡಿಪಟ್ಟಿ ಹಿಡದು ತೂತು ಅಳದಾಂವ ಅಲ್ಲ. "ತೂತು ಎಷ್ಟಿರಬೇಕಣ್ಣ?" ಅಂತ ಕೆಲಸ ಕಲಿಯೋವಾಗ ನಾ ಕೇಳಿದ್ರ, "ಬೈರಿಗಿ ಎಷ್ಟೈತಿ ಅಷ್ಟು" ಅಂದಿದ್ದ. ನಮ್ಮಪ್ಪನೂ ಅವಗ ಹಂಗ ಹೇಳಿದ್ದನಂತ. ಅಳತಿ ಅನ್ನೂದು ತಲ್ಯಾಗೂ ಇದ್ದಿಲ್ಲ, ಹಾಳ್ಯಾಗೂ ಇದ್ದಿಲ್ಲ, ಆ ಬೈರಿಗಿ ಬಾಯಾಗ ಇತ್ತು. ಹಳೇದು ಸವದ್ರ ಬಜಾರಿಗೆ ಹೋಗಿ ಅದ ಕಂಪನಿದು, ಅದ ನಡುವಿನ ಸೈಜಿಂದು ತರೂದು. ಹೊಸದರ ಅಳತಿ ಹಳೇದರ ಅಳತಿ ಎರಡೂ ಒಂದ. ಇಷ್ಟ ನಮ್ಮ ಶಾಸ್ತ್ರ.

ಆ ಶಾಸ್ತ್ರಕ್ಕ ಕಂಪನಿಯವರು ಕಲ್ಲು ಹಾಕಿದ್ರು. ಬಜಾರಿನ ಅಂಗಡಿ ಸಾವಕಾರ್ರು ಮೊದಲ ವರ್ಷ "ಮಾಲು ಬರತೈತಿ ತಡೀರಿ" ಅಂದ್ರು. ಎರಡನೇ ವರ್ಷ "ಲಾರಿ ಮುಷ್ಕರ" ಅಂದ್ರು. ಮೂರನೇ ವರ್ಷ ಬೈರಿಗಿ ತೂಗ ಹಾಕತಿದ್ದ ಗ್ವಾಡಿಯಾಗಿನ ಖಾಲಿ ಮೊಳಿ ತೋರಿಸಿ, "ನನಗೂ ಬ್ಯಾಸರಾಗೈತ್ರಿ, ನೀವ ಒಂದು ಪತ್ರ ಬರದ ಕೇಳ್ರಿ" ಅಂತ ಕಂಪನಿ ವಿಳಾಸ ಕೊಟ್ರು. ನಾ ಕಾರಕೂನರ ಕಡಿಂದ ಬರಸಿದ್ನಿ. ಬಂದ ಉತ್ತರ ಮೊದಲ ಹೇಳೇನಲ್ಲ.

ಪತ್ರದ ಸುದ್ದಿ ಹೇಳಿದಾಗ ಅಣ್ಣ ಬಟ್ಟಲ ಕೆತ್ತಾಕ ಹತ್ತಿದ್ದ. ಬಾಚಿ ನಿಲ್ಲಿಸಲಿಲ್ಲ. "ಅವರಿಗೆ ಮಶೀನ ಮಾರಬೇಕಾಗೈತಿ" ಅಂದ ಅಷ್ಟ. ಸಂಜಿಮುಂದ ನಮ್ಮ ಕಡೇ ಬೈರಿಗಿ ತಗದು, ಅದರ ಬಾಯಿಗೆ ಎಣ್ಣಿ ಹಚ್ಚಿ, ಬಿಸಲಿಗೆ ಹಿಡದು ನೋಡಿದ. ಒಳಗಿಂದ ಮಸದು ಮಸದು ಬಾಯಿ ತೆಳ್ಳಗ ಆಗಿತ್ತು, ಬೆಳಕು ಹಾಯತೈತೇನೋ ಅನ್ನೂವಷ್ಟು. "ತಮ್ಮಾ, ಇನ್ನೊಂದು ಸಿಗೂತನಕ ಇದನ್ನ ನಾ ಬಿಟ್ಟು ಯಾರೂ ಮುಟ್ಟಬ್ಯಾಡ್ರಿ" ಅಂದ.

ಇನ್ನೊಂದು ಸಿಗಬೇಕಲ್ಲ! ಆ ವರ್ಷ ನಾ ಎಷ್ಟು ಬಸ್ಸು ಹತ್ತಿದ್ನೋ ಲೆಕ್ಕ ಇಲ್ಲ. ರಾಮದುರ್ಗದಾಗ ಒಂದು ಹಳೇ ಅಂಗಡ್ಯಾಗ ಐತಿ ಅಂತ ಯಾರೋ ಹೇಳಿದ್ರು, ಓಡಿ ಹೋದ್ನಿ. ಅಲ್ಲಿದ್ದದ್ದು ಸಣ್ಣ ಸೈಜು, ತೊಟ್ಟಿಲ ಮಾಡಾಕ ಬೇಕಾಗೂವಂಥಾದ್ದು. ಸವದತ್ತಿಯೊಳಗ ಒಬ್ಬ ಕಂಬಾರ "ಸವದ ಹಳೇದೊಂದು ತೋರಿಸ್ರಿ, ಅಂಥಾದ್ದ ಬಡದು ಕೊಡತೇನಿ" ಅಂದ. ಮೂರು ದಿವಸ ಕಾಸಿ ಬಡದ. ನೋಡಾಕ ತದ್ರೂಪ ಇತ್ತು. ಜಾಲಿಗೆ ಹಚ್ಚಿ ಎದಿ ಕೊಟ್ಟು ತಿರುವಿದ್ರ ಗಂಟಿನ ಹತ್ತರ ಬಾಯಿ ಮುಚಗೊಂಡು ಬಿಡ್ತು. ಮತ್ತ ನೀರು ಕುಡಿಸಿ ಗಡಸು ಮಾಡಿ ಕೊಟ್ಟ. ಈ ಸಲ ಮುರದ ಹೋತು. ಅಂವಾ ಖರೇನ ನಾಚಿಕೊಂಡು, "ಆ ಉಕ್ಕು ನಮಗ ಸಿಗಂಗಿಲ್ರಿ, ನನ್ನ ಕೈಯಾಗಿನ ದೋಷ ಅಲ್ರಿ" ಅಂದ. ಅವನ ಕೈ ಚಲೋನ ಇತ್ತು. ಅಷ್ಟಾದ್ರೂ ನಾ ಅವನ ಮ್ಯಾಲೂ ಹರಿಹಾಯ್ದ ಬಂದ್ನಿ.

ಕಿತ್ತೂರಾಗಿನ ಒಬ್ಬ ಮುದುಕನ ಸುದ್ದಿ ಬಂತು. ವಯಸ್ಸಾದ ಬಡಿಗ್ಯಾ, ಕೆಲಸ ಬಿಟ್ಟು ಹತ್ತು ವರ್ಷ ಆಗಿತ್ತು. ಅವರ ಕಡಿ ನಡುವಿನ ಸೈಜಿನ ಬೈರಿಗಿ ಐತಿ, ಕಟಿಗಿಗೆ ಇನ್ನೂ ಹಚ್ಚೇ ಇಲ್ಲ ಅಂತ. ನಾ ಹೋದಾಗ ಮುದುಕ ಜಳಕಾ ಮಾಡಿ ವಿಭೂತಿ ಹಚಗೊಂಡು ಕುಂತಿದ್ರು. ಬೈರಿಗಿ ದೇವರ ಜಗಲಿ ಮ್ಯಾಲ ಇತ್ತು, ಅದಕ್ಕೂ ವಿಭೂತಿ. ನೋಡಿ ನನ್ನ ಕೈ ತುರಸಿದ್ವು.

"ಕುಂತ್ರಿ, ಚಾ ಕುಡೀರಿ, ಊಟಾ ಮಾಡ್ರಿ. ಬೈರಿಗಿ ಮಾತ್ರ ಕೇಳಬ್ಯಾಡ್ರಿ" ಅಂದ್ರು.

"ಅಜ್ಜಾರ, ನೀವು ಕೆಲಸ ಬಿಟ್ಟೀರಿ. ದೇವರ ಮುಂದ ಇಟ್ಟು ಏನ ಮಾಡತೀರಿ? ನಮ್ಮ ಅಣ್ಣ ಕೂರಿಗಿ ಮಾಡಿ ನಾಕು ಊರು ಬಿತ್ತಸತಾನ."

"ನಿಮ್ಮ ಅಣ್ಣನ ಕೆಲಸ ನಾ ನೋಡೇನಿ. ಚಲೋ ಕೆಲಸ. ಆದ್ರ ಇದು ಹೋತಂದ್ರ ನಾ ಬಡಿಗ್ಯಾ ಅನ್ನಾಕ ನನ್ನ ಕಡಿ ಏನ ಉಳೀತೈತಿ ಹೇಳ್ರಿ" ಅಂತ ಕಣ್ಣಾಗ ನೀರು ತಂದ್ರು.

ಅಯ್ಯ ನನ್ನ ಹಣೇಬಾರ, ಅನಕೊಂಡ್ನಿ. ಚಾ ಕುಡೀಲಿಲ್ಲ, ಎದ್ದು ಬಂದ್ನಿ. ಬಸ್ಸಿನಾಗ ಬರೂವಾಗ ಆ ಮುದುಕಗ ಬೈದ್ನಿ, ಕಂಪನಿಗೆ ಬೈದ್ನಿ, ಬಾಜೂಕ ಕುಂತಾಂವ ಕಾಲು ತುಳದಾಂತ ಅವಗೂ ಬೈದ್ನಿ. ಮನಿಗೆ ಬಂದು ಹೇಳಿದ್ರ ಅಣ್ಣ, "ಕೊಡದಿದ್ದದ್ದ ಚಲೋ ಆತು ಬಿಡು. ಅವರ ಜಾಗಾದಾಗ ನಾ ಇದ್ರೂ ಕೊಡತಿದ್ದಿಲ್ಲ" ಅಂದ.

ಹಿಂಗ ಆ ತೆಳ್ಳನ್ನ ಬೈರಿಗಿಲೆ ಎರಡು ವರ್ಷ ಸಾಗಿತು. ಮೂರನೇ ವರ್ಷ ಹಿಂಗಾರಿಗೆ ಚಚಡಿಯಿಂದ ಒಬ್ಬ ರೈತರು ಬಂದ್ರು. ನಮ್ಮಪ್ಪನ ಕಾಲದಿಂದ ನಮ್ಮ ಮನಿ ಕೂರಿಗಿಲೇನ ಬಿತ್ತಾವ್ರು, ಎಲ್ಲಾರೂ ಅವರಿಗೆ ಯಜಮಾನ್ರು ಅಂತಿದ್ರು. "ಕಡ್ಲಿ ಬಿತ್ತಬೇಕ್ರಿ ಬಡಿಗ್ಯಾರ. ಮಳಿ ಆಗಿ ಹಸಿ ಚಲೋ ಐತಿ, ತಡಾ ಆದ್ರ ಆರತೈತಿ. ಹೊಸಾ ಕೂರಿಗಿ ಇವತ್ತ ಕೊಡ್ರಿ" ಅಂದ್ರು. ಮರುದಿವಸ ಅಮಾಸಿ. ಅಮಾಸಿ ದಿನ ನಾವು ಬಡಿಗ್ಯಾರು ಸಾಮಾನು ಮುಟ್ಟಂಗಿಲ್ಲ, ಉಳಿನೂ ಇಲ್ಲ, ಬಾಚಿನೂ ಇಲ್ಲ. ಹಂಗಾಗಿ ಅವತ್ತ ಹೊತ್ತು ಮುಣಗೂದರಾಗ ಮುಗಸಬೇಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅಣ್ಣ ಮೂರು ತೂತು ಕೊರದ. ನಾಕನೇದಕ್ಕ ಬೈರಿಗಿ ಮಂಡಾಗಿ ಜಾರಾಕ ಹತ್ತಿತು. ಅಂವಾ ಅದನ್ನ ಕೆಳಗ ಇಟ್ಟು, "ಊಟಾ ಮಾಡಿ ಬರತೇನಿ, ಆಮ್ಯಾಲ ಒಳಗಿಂದ ಹಗೂರಕ ಕಲ್ಲಿಗೆ ಮಸದ್ರಾತು" ಅಂತ ಒಳಗ ಹೋದ. ಯಜಮಾನ್ರು ಕಟ್ಟಿ ಮ್ಯಾಲ ಕುಂತು ಸೂರ್ಯನ್ನ ನೋಡಾಕ ಹತ್ತಿದ್ರು. ಅವರು ಒಂದು ಸಲ ಸೂರ್ಯನ್ನ ನೋಡೂದು, ಒಂದು ಸಲ ನನ್ನ ನೋಡೂದು. ನನಗ ತಡಕೊಳ್ಳಾಕ ಆಗಲಿಲ್ಲ. ಒಳಗಿಂದ ಕಲ್ಲಿಗೆ ಮಸದ್ರ ತೂತಿನ ಅಳತಿ ಕೆಡಂಗಿಲ್ಲ, ಆದ್ರ ತಾಸು ಬೇಕು. ಕಬ್ಬಿಣ ತಿಕ್ಕೋ ಅರ ತಗೊಂಡು ಹೊರಗಿಂದ ನಾಕು ಸಲ ಎಳದ್ರ ಐದು ನಿಮಿಷ. ಎಳದ್ನಿ. ಬಾಯಿ ಥಳಥಳ ಅಂತು, ಚೂಪ ಆತು. ಅಂಚಿನಾಗಿನ ಉಕ್ಕು ಒಂದೀಟು ಹೋತು, ಬೈರಿಗಿ ಅಷ್ಟು ಸಪೂರ ಆತು. ಅದು ನನಗ ಆವಾಗ ತಿಳೀಲಿಲ್ಲ ಅಂತ ಹೇಳಿದ್ರ ಸುಳ್ಳು ಆಗತೈತಿ. ತಿಳಿದಿತ್ತು. ಇಷ್ಟಕ್ಕ ಏನಾಗತೈತಿ ಬಿಡು, ಅಂದುಕೊಂಡಿದ್ನಿ.

ಅಣ್ಣ ಬಂದು ನೋಡಿ, "ಮಸದೇನೋ?" ಅಂದ. "ಹೂಂ" ಅಂದ್ನಿ. ಒಳಗಿಂದೋ ಹೊರಗಿಂದೋ ಅಂತ ಅಂವಾ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಕನೇ ತೂತು ಸರಸರ ಬಿತ್ತು.

ಕೊಳವಿ ಕೂಡಿಸೋ ಕೆಲಸ ನಂದು. ಮೂರು ಕೊಳವಿ ಸರಿ ಕುಂತ್ವು. ನಾಕನೇದು ಬಿಗಿ ಆತು, ಹೋಗಲಿಲ್ಲ. ನಾ ಬಿದಿರಿನ ಮ್ಯಾಲಿನ ಸಿಪ್ಪಿ ಕೆತ್ತಿ, ಬಡದು ಕೂಡಿಸಿದ್ನಿ. ಆವಾಗರೆ ಬಾಯಿ ಬಿಡಬೇಕಾಗಿತ್ತು.

ನಮ್ಮ ಮನ್ಯಾಗ ಒಂದು ಪದ್ಧತಿ. ಹೊಸಾ ಕೂರಿಗಿ ಹೊಸ್ತಿಲ ದಾಟೂ ಮುಂಚೆ ಅರಿಷಿಣ ಕುಂಕುಮ ಹಚ್ಚಿ, ಮನಿ ಜ್ವಾಳ ಒಂದು ಮುಷ್ಟಿ ಬಟ್ಟಲಕ್ಕ ಬಿಟ್ಟು ನೋಡೂದು. ಹಿಂದಿನಿಂದ ಜ್ವಾಳಾನ, ಬ್ಯಾರೆ ಕಾಳಿಲ್ಲ. ವೈನಿ ಬಿಟ್ರು. ನಾಕೂ ಕೊಳವಿಯಿಂದ ಜ್ವಾಳ ಸುರುಸುರು ಇಳೀತು. ಯಜಮಾನ್ರು ಕೈಮುಗದು ಚಕ್ಕಡಿ ಹೂಡಿಸಿದ್ರು. ಅವರು ಬಿತ್ತೂದು ಕಡ್ಲಿ, ಜ್ವಾಳ ಅಲ್ಲ, ಕಡ್ಲಿ ಕಾಳು ದಪ್ಪ ಅನ್ನೂದು ಯಾರಿಗೂ ಹೊಳೀಲಿಲ್ಲ. ಬೈರಿಗಿ ಸರಿ ಇದ್ದಷ್ಟು ದಿವಸ ಅದನ್ನ ವಿಚಾರ ಮಾಡೂ ಜರೂರೇ ಬಿದ್ದಿದ್ದಿಲ್ಲ.

ಹತ್ತನೇ ದಿನಕ್ಕ ಯಜಮಾನ್ರು ಬಂದ್ರು. ಸಿಟ್ಟಿಲ್ಲ, ಜೋರಿಲ್ಲ. "ಬಡಿಗ್ಯಾರ, ಸ್ವಲ್ಪ ಹೊಲದ ಕಡಿ ಬಂದು ಹೋಗ್ರಿ" ಅಂದ್ರು. ಅಣ್ಣ ಬಾಚಿ ಇಟ್ಟು ಎದ್ದ, ನಾನೂ ಬೆನ್ನ ಹತ್ತಿದ್ನಿ.

ಕರಿ ಹೊಲ, ಹಸರ ಸಾಲು. ಮೂರು ಸಾಲು ಕಡ್ಲಿ ಚಂದಾಗಿ ನಾಟಿತ್ತು, ನಾಕನೇದು ಖಾಲಿ. ಎತ್ತು ಹೊರಳಿಸಿಕೊಂಡು ವಾಪಸ್ ಬರೂವಾಗ ಆ ತುದೀ ಕೊಳವಿ ಮತ್ತ ಬಾಜೂಕ ಬರತೈತಿ, ಹಂಗಾಗಿ ಖಾಲಿ ಸಾಲು ಜೋಡಿ ಜೋಡಿ. ಇಡೀ ಹೊಲ ಹಂಗ, ಈ ಬದುವಿನಿಂದ ಆ ಬದುವಿನ ತನಕ. ಎರಡು ಮೂರು ಕಡ್ಲಿ ಒಮ್ಮೆಲೆ ಬಂದು ಆ ಸಪೂರ ತೂತಿನ ಗಂಟಲದಾಗ ಸಿಕ್ಕಿ ಕುಂತಿದ್ವು. ಉಳಿದ ಮೂರರಾಗ ಬೀಜ ಇಳದು ಬಟ್ಟಲ ಬರಿದಾಗತಿತ್ತು, ಬಿತ್ತೋ ಹೆಣಮಗಳಿಗೆ ಗೊತ್ತಾಗೂದಾದ್ರೂ ಹೆಂಗ? ಮಣ್ಣಿನಾಗ ಬಿದ್ದದ್ದು ಯಾರಿಗೆ ಕಾಣತೈತಿ? ಈಗ ನಡುವ ಕೈಲೆ ಊರೂಣು ಅಂದ್ರ ಹಸಿ ಆರಿ ನೆಲಾ ಬಿರಿಯಾಕ ಹತ್ತಿತ್ತು.

ಅಣ್ಣ ಆ ಖಾಲಿ ಸಾಲಿನಾಗ ಕೊನೀತನಕ ನಡದು ಹೋದ, ನಡದು ಬಂದ. ಆಮ್ಯಾಲ ಯಜಮಾನ್ರ ಮನಿ ಅಂಗಳದಾಗ ಕೂರಿಗಿ ಮುಂದ ಕುಂತು, ಕೊಳವಿ ಬಿಚ್ಚಿ, ತೂತಿನಾಗ ಕಿರುಬೆರಳು ಇಟ್ಟ. ಒಂದರಾಗ, ಎರಡರಾಗ, ಮೂರರಾಗ ಸರಳ ಹೋತು. ನಾಕನೇದರಾಗ ಗೆಣ್ಣಿನ ಹತ್ತರ ನಿಂತಿತು. ಬೆರಳು ಅಲ್ಲೇ ಇಟಗೊಂಡು ತಲಿ ಎತ್ತಿ ನನ್ನ ನೋಡಿದ. ಒಂದ ಸಲ. ನಾ ನೆಲಾ ನೋಡಿದ್ನಿ.

"ಏನಾಗಿತ್ರಿ ಬಡಿಗ್ಯಾರ?" ಅಂತ ಯಜಮಾನ್ರು ಕೇಳಿದ್ರು.

"ನಂದ ತಪ್ಪ್ರೀ ಯಜಮಾನ್ರ" ಅಂದ ಅಣ್ಣ. "ಈಗೀಗ ನನ್ನ ಕೈ ನಡಗತಾವ. ಹೇಳಬೇಕಾಗಿತ್ತು, ಹೇಳಲಿಲ್ಲ."

ನನ್ನ ಗಂಟಲಕ್ಕ ಬಂದಿತ್ತು, ಅಲ್ರಿ, ಅವನ ಕೈ ನಡಗಂಗಿಲ್ರಿ, ಅರ ಹಚ್ಚಿದಾಂವ ನಾನು ಅಂತ. ಬಾಯಾಗ ಬರಲಿಲ್ಲ. ನಂದಿನ್ನ ಲಗ್ನ ಆಗಿದ್ದಿಲ್ಲ, ಚಚಡಿ ಬಾಜೂಕಿನ ಹಳ್ಳಿಯಿಂದ ಹೆಣ್ಣು ನೋಡೂ ಮಾತು ನಡದಿತ್ತು. ಅದು ಒಂದು ಕಾರಣ. ಖರೇ ಅಂದ್ರ ನಾ ಅಂಜುಬುರುಕ, ಅಷ್ಟ. ಅಣ್ಣಗ ಬರೇ ನಲವತ್ತೈದು ವರ್ಷ ಆಗಿತ್ತು, ಕೈ ಕಬ್ಬಿಣದ ಸರಳಿನಂಗ ಇದ್ವು.

ಯಜಮಾನ್ರು ದೊಡ್ಡ ಮನುಷ್ಯಾರು. "ಇರಲಿ ಬಿಡ್ರಿ, ವಯಸ್ಸು ಯಾರಿಗೆ ಬಿಟ್ಟೈತಿ" ಅಂದು ನಮಗ ಊಟಾ ಹಾಕಿಸಿ ಕಳಿಸಿದ್ರು. ಆದ್ರ ಊರಾಗ ಬಾಯಿ ಕಟ್ಟಾಕ ಯಾರಿಗೆ ಆಗತೈತಿ? ಮುಂದಿನ ಹಂಗಾಮಕ್ಕ ಬೈಲಹೊಂಗಲದ ಕೂರಿಗಿ ಬಡಿಗ್ಯಾನ ಕೈ ನಡಗತಾವಂತ ಅನ್ನೂದು ಸಂತಿ ಸಂತಿಯೊಳಗ ಆಡಿದ್ರು. ಆ ವರ್ಷ ಮೂರು ಕೂರಿಗಿ ಹೋದ್ವು, ಮರುವರ್ಷ ಒಂದೂ ಇಲ್ಲ. ಅಷ್ಟರಾಗ ವೆಲ್ಡಿಂಗ್ ಅಂಗಡ್ಯಾವ್ರು ಕಬ್ಬಿಣದ ಕೂರಿಗಿ ಮಾಡಾಕ ಹತ್ತಿದ್ರು, ಟ್ರ್ಯಾಕ್ಟರ್ ಬಂದ್ವು. ಹೆಂಗಿದ್ರೂ ಈ ಕೆಲಸ ಹೋಗೂದ ಇತ್ತು ಅಂತ ನಾ ನನಗ ಹೇಳಿಕೋತೇನಿ. ಹೋಗೂದಿತ್ತು, ಖರೆ. ಆದ್ರ ಅವನ ಹೆಸರು ತಗೊಂಡು ಹೋಗೂದು ಇದ್ದಿಲ್ಲ.

ಅವತ್ತ ಚಚಡಿಯಿಂದ ಮನಿಗೆ ಬಂದ ಮ್ಯಾಲ ಅಣ್ಣ ನನಗ ಒಂದು ಮಾತೂ ಅನಲಿಲ್ಲ. ಬೈದಿದ್ರ, ಕಪಾಳಕ್ಕ ಎರಡು ಬಿಗದಿದ್ರ, ನಾ ಚಚಡಿಗೆ ಓಡಿ ಹೋಗಿ ಖರೇ ಹೇಳಿ ಬರತಿದ್ನೇನೋ. ಬೈಲಿಲ್ಲ. ವೈನಿಗೂ ಹೇಳಲಿಲ್ಲ. ನಾ ಮಾತ್ರ ಊರ ಮಂದಿ ಮುಂದ ವರ್ಷಗಟ್ಟಲೆ ಕಂಪನಿಗೆ ಬೈಕೋತ ತಿರುಗಿದ್ನಿ. ಬೇಡಿಕಿ ಇಲ್ಲಂತ, ಬೇಡಿಕಿ ಇಲ್ಲಂತ ಅಂತ ಅದನ್ನ ಎಷ್ಟು ಮಂದಿಗೆ ಹೇಳೇನೋ! ಕಂಪನಿಗೆ ಬೈಯೂದು ಸಸಾರ, ಅದು ತಿರುಗಿ ಮಾತಾಡಂಗಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮ್ಯಾಲ ನಾ ಬಸ್‌ಸ್ಟ್ಯಾಂಡ್ ಹತ್ತರ ಅಂಗಡಿ ಹಾಕಿದ್ನಿ. ಪ್ಲೈವುಡ್, ಸನ್‌ಮೈಕಾ, ಕಪಾಟು, ಮಂಚ. ಅಣ್ಣ ನನ್ನ ಅಂಗಡ್ಯಾಗ ಬಂದು ಕುಂದ್ರತಿದ್ದ. ಹಲಗಿಗೆ ಪಾಲೀಶ್ ಕಾಗದ ತಿಕ್ಕೂದು, ಫೆವಿಕಾಲ್ ಹಚ್ಚೂದು. ಒಂದ ದಿವಸ ಸಾಲಹಳ್ಳಿಯಿಂದ ಒಬ್ಬಾಂವ ಬಂದ. ಸಣ್ಣ ಹೊಲ, ಮನಿ ಎತ್ತು, ಟ್ರ್ಯಾಕ್ಟರ್ ಅವನ ಹೊಲಕ್ಕ ಹೋಗಂಗಿಲ್ಲ. ಹಳೇ ಕೂರಿಗಿ ಬಟ್ಟಲ ಸೀಳಿತ್ತು, ಹೊಸದು ಬೇಕಾಗಿತ್ತು. ಅಂವಾ ತಂದ ಬಟ್ಟಲ ಅಣ್ಣ ಮಾಡಿದ್ದು, ನಾ ದೂರಿಂದ ಗುರತ ಹಿಡದ್ನಿ. ಅಣ್ಣನೂ ಹಿಡದ. ತಿಕ್ಕೂದು ನಿಲ್ಲಿಸಿ ಅದನ್ನ ನೋಡಾಕ ಹತ್ತಿದ. ಎಷ್ಟೋ ವರ್ಷದ ಮ್ಯಾಲ ಅವನ ಮಾರಿ ಮ್ಯಾಲ ಏನೋ ಬಂತು.

"ನೀವ ಮಾಡಿ ಕೊಡಬೇಕ್ರಿ ಮತ್ತ" ಅಂತ ಆ ರೈತ ನನ್ನ ಕಡಿ ಬಗ್ಗಿ, ತಾ ಮೆಲ್ಲಕ ಹೇಳೇನಿ ಅನಕೊಂಡು ಜೋರಾಗೇ ಹೇಳಿದ. "ನಿಮ್ಮ ಅಣ್ಣಾವ್ರ ಕೈಯಾಗ ಕೊಡಬ್ಯಾಡ್ರಿ. ಅವರ ಕೈ ನಡಗತಾವಂತ ನಮ್ಮ ಕಡಿ ಎಲ್ಲಾರೂ ಅಂತಾರ."

ಅಣ್ಣ ಕೇಳಿದ. ನಾ ಈಗ ಹೇಳಬಹುದಾಗಿತ್ತು. ಲಗ್ನ ಆಗಿತ್ತು, ಮಕ್ಕಳಾಗಿದ್ವು, ಅಂಗಡಿ ಇತ್ತು, ಯಾರ ಅಂಜಿಕಿನೂ ಇದ್ದಿಲ್ಲ. ಬಾಯಿ ತಗದ್ನಿ. "ಆಗಲಿರಿ, ನಾನ ಮಾಡಿ ಕೊಡತೇನಿ" ಅಂದ್ನಿ.

ಅಣ್ಣ ಎದ್ದು ಒಳಗ ಹೋದ. ಮನಸಿಗೆ ಹಚಗೊಂಡು ಹೋದಾಂತ ತಿಳದ್ನಿ. ಹಂಗಲ್ಲ. ಬಿಸಲಾಗ ಬಂದಾವಗ ನೀರು ತರಾಕ ಹೋಗಿದ್ದ. ತಂಬಗಿ ಕಂಠಮಟಾ ತುಂಬಿಸಿ, ಒಂದ ಕೈಯಾಗ ಹಿಡಕೊಂಡು, ಹಲಗಿ, ವಾಯರು, ಕಟಿಗಿ ಹೊಟ್ಟು ಎಲ್ಲಾ ದಾಟಿಕೊಂಡು ಬಂದು ಆ ರೈತನ ಮುಂದ ಹಿಡದ. ಒಂದು ಹನಿ ಚೆಲ್ಲಲಿಲ್ಲ. ನಾ ನೋಡಾಕ ಹತ್ತೇನಿ ಅಂತ ಅವಗ ಗೊತ್ತಿತ್ತು. ರೈತ ಅದನ್ನ ನೋಡಲಿಲ್ಲ, ಗಟಗಟ ಕುಡದು, ತಂಬಗಿ ವಾಪಸ್ ಕೊಟ್ಟು, ಯಾವಾಗ ಬರಲಿ ಅಂತ ನನ್ನ ಕೇಳಿದ.